ಮಗುವಿಗೆ ಡಿಎಂಡಿ ಅಂತ ಗೊತ್ತಾದ ಮನೆಯವರಿಗೆ

ಕಲಬುರಗಿಯ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಡಿಎಂಡಿ, ಅಂದರೆ ಜೀನ್‌ನ ದೋಷದಿಂದ ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ) ಅಂತ ರಿಪೋರ್ಟ್ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ತಾಯಿಯನ್ನು ದೂರಲು ಶುರು ಮಾಡುತ್ತಾರೆ. ಮೊದಲು ಅದನ್ನು ನಿಲ್ಲಿಸಿ. ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಬರುವ ಕಾಯಿಲೆ ಇದಲ್ಲ. ಸುಮಾರು ಮೂವರಲ್ಲಿ ಒಬ್ಬ ಮಗುವಿಗೆ ಜೀನ್‌ನಲ್ಲಿ ಹೊಸದಾಗಿಯೇ ಬದಲಾವಣೆ ಆಗಿರುತ್ತದೆ, ತಾಯಿಯಿಂದ ಬಂದಿರುವುದೇ ಇಲ್ಲ. ಬಂದಿದ್ದರೂ ಅದು ಆಕೆಯ ತಪ್ಪಲ್ಲ. ಅಜ್ಜ-ಅಜ್ಜಿಯನ್ನು ಮುಂದಿನ ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಹೇಳಿಸಿ.

ಸ್ಟೀರಾಯ್ಡ್ ಮಾತ್ರೆ ಶುರುವಾಗಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಜಾತ್ರೆಗೋ ಊರಿಗೋ ಹೊರಟಾಗ ನಾಲ್ಕು ದಿನಕ್ಕೆ ಜಾಸ್ತಿಯೇ ಇಟ್ಟುಕೊಳ್ಳಿ.

ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿಸಿ. ಮಗು ಅಂಗಾತ ಮಲಗಲಿ, ಮೊಣಕಾಲು ನೇರ ಇರಲಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೆಲ್ಲಗೆ ಮೊಣಕಾಲಿನ ಕಡೆಗೆ ಒತ್ತಿ. ನೋವಾಗುವಷ್ಟು ಬೇಡ.

ಯುಡಿಐಡಿ ಕಾರ್ಡಿಗೆ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಇದೆ. ಶಾಲೆಯಲ್ಲಿ ಕ್ಲಾಸನ್ನು ಕೆಳಗಿನ ಮಹಡಿಗೆ ಹಾಕಿಸಿಕೊಳ್ಳಿ.

ಮಗುವಿಗೂ ಹೇಳಿ: "ನಿನ್ನ ಕಾಲು ಬೇಗ ದಣಿಯುತ್ತೆ, ಅದು ನಿನ್ನ ತಪ್ಪಲ್ಲ." ಅಣ್ಣ-ತಂಗಿಯರ ಎದುರಿಗೇ ಹೇಳಿ. ಅವರೂ ಹೆದರಿರುತ್ತಾರೆ, ಅಲ್ವಾ?