ಕಸಿ ಸಂಶೋಧನೆಯಲ್ಲಿ ಸಹಮುಖ್ಯಸ್ಥನಾಗಿ: ನನ್ನ ಅನುಭವ

ನಾನು ಕಿಡ್ನಿ ಕಸಿ ಮಾಡಿಸಿಕೊಂಡವನು. ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವನು. ಕಸಿಯಾದವರಿಗೆ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲು ಆಗದಿರುವುದೇಕೆ ಎಂಬ ಅಧ್ಯಯನಕ್ಕೆ ಸಹಮುಖ್ಯಸ್ಥನಾಗಬೇಕೆಂದು ಬೆಂಗಳೂರಿನ ಆಸ್ಪತ್ರೆಯೊಂದರ ವೈದ್ಯರು ಕೇಳಿದಾಗ, ಪ್ರಶ್ನಾವಳಿ ಆಗಲೇ ಅಚ್ಚಾಗಿದೆಯೇ ಎಂದು ಮೊದಲು ವಿಚಾರಿಸಿದೆ. ಅಚ್ಚಾಗಿದ್ದರೆ ನನ್ನ ಪಾಲಿಗೆ ಉಳಿಯುವುದು ಸಮ್ಮತಿ ಪತ್ರದ ಕನ್ನಡ ತಿದ್ದುವ ಕೆಲಸವಷ್ಟೆ. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ, ಸಂಶೋಧನೆಗೆ ಒಪ್ಪಿಗೆ ಕೊಡುವ ನೀತಿ ಸಮಿತಿಯಲ್ಲಿ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು; ಆದರೆ ಆ ಸಮಿತಿಯ ಮುಂದೆ ಬರುವುದು ಬರೆದು ಮುಗಿಸಿದ ಯೋಜನೆ. ಪ್ರಶ್ನೆ ಹುಟ್ಟುವ ಮೇಜಿನಲ್ಲಿ ಕೂರಿಸುವುದಾದರೆ ಮಾತ್ರ ಬರುತ್ತೇನೆಂದೆ; ಅವರು ಒಪ್ಪಿದರು.

ಆ ಮೇಜಿನಲ್ಲಿ ಕೂತದ್ದರಿಂದ ಆದ ಪ್ರಯೋಜನಕ್ಕೆ ಒಂದು ನಿದರ್ಶನ ಕೊಡುತ್ತೇನೆ. ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ನಮ್ಮಲ್ಲಿ ಹೆಚ್ಚಿನವರು ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳುತ್ತೇವೆ. ಬೆಳಗಿನ ಮಾತ್ರೆ ನುಂಗುವ ಮುನ್ನವೇ ರಕ್ತ ಕೊಟ್ಟರೆ ಅದರ ನಿಜವಾದ ಕನಿಷ್ಠ ಮಟ್ಟ ತಿಳಿಯುತ್ತದೆ. ಕರಡು ನಮೂನೆಯಲ್ಲಿ ರಕ್ತ ತೆಗೆದ ಸಮಯಕ್ಕೆ ಒಂದು ಅಂಕಣವಿತ್ತು, ಕೊನೆಯ ಮಾತ್ರೆ ನುಂಗಿದ ಸಮಯಕ್ಕೆ ಇರಲಿಲ್ಲ. ಒಪಿಡಿಯ ಹೊರಗಿನ ಬೆಂಚಿನಲ್ಲಿ ಕೂತು ವಿಚಾರಿಸಿದಾಗ ಕೋಲಾರದ ಕಡೆಯಿಂದ ಬರುವ ಒಬ್ಬ ತಾಯಿ, "ಬಸ್ಸಲ್ಲೇ ನುಂಗಿಬಿಡ್ತೀನಿ ಅಣ್ಣಾ, ಇಲ್ಲಾಂದ್ರೆ ಮರ್ತೋಗ್ತದೆ" ಎಂದರು. ಆಗ ರಕ್ತದಲ್ಲಿ ಮದ್ದಿನ ಮಟ್ಟ ಏರಿದಂತೆ ಕಾಣುತ್ತದೆ, ಅದನ್ನು ನಂಬಿ ಪ್ರಮಾಣ ತಗ್ಗಿಸಿದರೆ ದೇಹ ಕಸಿಯನ್ನು ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಇನ್ನು ಕೆಲವರು ಹನ್ನೊಂದು ಗಂಟೆಯವರೆಗೂ ಮಾತ್ರೆಯನ್ನು ಕೈಯಲ್ಲೇ ಹಿಡಿದು ಸರದಿಯಲ್ಲಿ ಕಾಯುತ್ತಾರೆ. ಅವರ ಮಟ್ಟ ಇಳಿದಂತೆ ಕಾಣುತ್ತದೆ. ಮಾತ್ರೆ ತಪ್ಪಿಸುವವರೆಂದು ಇಬ್ಬರನ್ನೂ ಒಂದೇ ಪಟ್ಟಿಗೆ ಸೇರಿಸುವ ಅಧ್ಯಯನದಿಂದ ಯಾರಿಗೆ ಏನು ಲಾಭ? ಸಭೆಯಲ್ಲಿ ಇದನ್ನು ಇಟ್ಟ ಮೇಲೆ ಆ ಅಂಕಣ ಸೇರಿತು. ದೂರದೂರಿನವರ ರಕ್ತವನ್ನು ಮೊದಲು ತೆಗೆಯುವ ಏರ್ಪಾಡೂ ಆಯಿತು.

ಫಲಿತಾಂಶವಾಗಿ ಏನನ್ನು ಅಳೆಯಬೇಕೆಂಬಲ್ಲಿ ವಾದ ಜೋರಾಗಿಯೇ ನಡೆಯಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯೇ ವೈದ್ಯರಿಗೆ ಸಾಕೆನಿಸಿತ್ತು. ರೋಗಿಗಳು, ಮನೆಯವರು ಮತ್ತು ವೈದ್ಯರು ಜೊತೆಗೂಡಿ ಆರಿಸಿದ 'ಸಾಂಗ್' ಎಂಬ ಅಂತರರಾಷ್ಟ್ರೀಯ ಉಪಕ್ರಮದ ಕಿಡ್ನಿ ಕಸಿ ಪಟ್ಟಿಯನ್ನು ನಾನು ಮುಂದಿಟ್ಟೆ. ಅದರಲ್ಲಿ ಕಸಿಯ ಆರೋಗ್ಯ, ಹೃದ್ರೋಗ, ಕ್ಯಾನ್ಸರ್, ಸೋಂಕು, ಸಾವು ಇವುಗಳ ಸಾಲಿನಲ್ಲೇ ಕೆಲಸ, ಸಂಸಾರ, ಓಡಾಟಗಳಲ್ಲಿ ಭಾಗಿಯಾಗುವ ಸಾಮರ್ಥ್ಯವೂ ಇದೆ. ಕೈನಡುಕ ಟ್ಯಾಕ್ರೋಲಿಮಸ್ ಮದ್ದಿನ ಪರಿಚಿತ ಅಡ್ಡಪರಿಣಾಮ. ಹೊಲಿಗೆ ಮಾಡಿ ಬದುಕುವವರು ಮಾತ್ರೆ ಬಿಟ್ಟರೆ ಅದನ್ನು ಮರೆವೆಂದು ಬರೆದುಕೊಳ್ಳಲಾಗದು. ಕೊನೆಗೆ ಕ್ರಿಯಾಟಿನಿನ್, ಭಾಗಿಯಾಗುವ ಸಾಮರ್ಥ್ಯ ಎರಡೂ ಉಳಿದವು.

ಬಜೆಟ್ ವಿಷಯದಲ್ಲಿ ನನ್ನ ವೃತ್ತಿ ನೆರವಾಯಿತು. ಸಭೆಗೆ ಬರುವ ರೋಗಿ ಪ್ರತಿನಿಧಿಗೆ ಆ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಗೌರವಧನವನ್ನೂ ಪ್ರಯಾಣವೆಚ್ಚವನ್ನೂ ಕಾಫಿ-ತಿಂಡಿಯ ಲೆಕ್ಕದಲ್ಲಿ ತೂರಿಸದೆ ಪ್ರತ್ಯೇಕ ಶೀರ್ಷಿಕೆಯಡಿ ಬರೆಸಿದೆ. ಜೀವಂತ ದಾನಿಗಳನ್ನೂ ಅಧ್ಯಯನದ ಸಮಿತಿಗೆ ಸೇರಿಸಿದೆವು. ನಮ್ಮ ದೇಶದಲ್ಲಿ ಕಿಡ್ನಿ ಕೊಡುವವರು ಹೆಚ್ಚಾಗಿ ಮನೆಯ ಹೆಂಗಸರೇ ಆಗಿದ್ದರೂ ಆಪರೇಷನ್ ಮುಗಿದ ಮೇಲೆ ಅವರನ್ನು ಕೇಳುವವರು ಕಡಿಮೆ.

ಬೆಂಚಿನಲ್ಲಿ ಕೂತವರು ನನ್ನನ್ನು ತಮ್ಮವನೆಂದು ನಂಬಿ ವೈದ್ಯರಿಗೆ ಹೇಳದ್ದನ್ನೂ ಹೇಳುತ್ತಾರೆ, ನಾಟಿ ಔಷಧಿಯ ವಿಚಾರವನ್ನೂ. ಹೆಸರು ಹೇಳುವುದಿಲ್ಲ, ಆದರೆ ಅಪಾಯವಿದ್ದರೆ ನಿಮ್ಮ ಜೊತೆಗೇ ವೈದ್ಯರ ಬಳಿ ಬರುತ್ತೇನೆ ಎಂದು ಮಾತು ಶುರುವಾಗುವ ಮೊದಲೇ ತಿಳಿಸುತ್ತೇನೆ. ಈ ಕ್ರಮವನ್ನು ನೀತಿ ಸಮಿತಿಗೆ ಬರವಣಿಗೆಯಲ್ಲೇ ಸಲ್ಲಿಸಿದ್ದೇವೆ.