ಯು ಇಲ್ಲದ ಕ್ಯೂ: ಸ್ಕ್ರ್ಯಾಬಲ್‌ನ ಪುಟ್ಟ ಪದಗಳನ್ನು ಕಲಿಯುವ ಬಗೆ

ಅಕ್ಷರದ ಬಿಲ್ಲೆಗಳನ್ನು ಚೀಲದಿಂದ ತೆಗೆದು ಬೋರ್ಡಿನ ಮೇಲೆ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವ ಮನೆಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಕ್ಯೂ ಬಿಲ್ಲೆ ಕೈಗೆ ಬಂದವರು, ಇಂಗ್ಲಿಷಿನಲ್ಲಿ ಕ್ಯೂ ನಂತರ ಸಾಮಾನ್ಯವಾಗಿ ಯು ಬರುವುದರಿಂದ, ಯು ಬರಲಿ ಎಂದು ಕಾಯುತ್ತ ಕೂರುತ್ತಾರೆ, ಚೀಲ ಬರಿದಾಗುತ್ತದೆ, ಕೊನೆಗೆ ಆ ಬಿಲ್ಲೆಯ 10 ಅಂಕಗಳು ಅವರ ಲೆಕ್ಕದಿಂದ ಕಳೆದು, ಮೊದಲು ಬಿಲ್ಲೆಗಳನ್ನು ಮುಗಿಸಿದ ಎದುರಾಳಿಯ ಲೆಕ್ಕಕ್ಕೆ ಸೇರುತ್ತವೆ. ಚೀಲದ 100 ಬಿಲ್ಲೆಗಳಲ್ಲಿ ಯು ಇರುವುದು 4, ಐ ಇರುವುದು 9. ಕಾಯುವುದೇ ಆದರೆ ಐಗಾಗಿ ಕಾಯಬೇಕು, ಏಕೆಂದರೆ ಕ್ಯೂ-ಐ ಎಂಬ ಎರಡೇ ಅಕ್ಷರದ ಪದವೊಂದು ಇಂಗ್ಲಿಷ್ ನಿಘಂಟಿನಲ್ಲಿದೆ.

ಮೊದಲ ಕೆಲಸ ನಿಘಂಟನ್ನು ಗೊತ್ತುಮಾಡಿಕೊಳ್ಳುವುದು. ಭಾರತದ ಸ್ಪರ್ಧೆಗಳಲ್ಲಿ ನಡೆಯುವುದು ಕಾಲಿನ್ಸ್ ನಿಘಂಟಿನ ಪದಪಟ್ಟಿ. 2019ರ ಪರಿಷ್ಕರಣೆಯಲ್ಲಿ ಅದರ ಎರಡಕ್ಷರದ ಪದಗಳು 127 ಆದವು. ಉತ್ತರ ಅಮೆರಿಕದ ಪಟ್ಟಿ ಇದಕ್ಕಿಂತ ಚಿಕ್ಕದು. ಆಟದ ನಡುವೆ ಈ ಜಗಳ ಬೇಡ.

ಎರಡನೆಯದಾಗಿ, ಪದಗಳನ್ನು ಅಕಾರಾದಿಯಾಗಿ ಉರು ಹೊಡೆಯುವುದನ್ನು ಬಿಟ್ಟು, ತಲಾ ಒಂದೊಂದೇ ಬಿಲ್ಲೆ ಇರುವ ದುಬಾರಿ ಅಕ್ಷರಗಳಿಂದ ಆರಂಭಿಸಿ: 10 ಅಂಕಗಳ ಕ್ಯೂ ಮತ್ತು ಝಡ್, 8 ಅಂಕಗಳ ಜೆ ಮತ್ತು ಎಕ್ಸ್. ಇವುಗಳ ಎರಡಕ್ಷರದ ಪದಗಳು ಒಟ್ಟು ಹನ್ನೊಂದೇ. ಕ್ಯೂಗೆ ಒಂದು, ಜೆಗೆ ಎರಡು, ಝಡ್‌ಗೆ ಮೂರು, ಎಕ್ಸ್‌ಗೆ ಐದು. (ವಿ ಅಕ್ಷರಕ್ಕೆ ಒಂದೂ ಇಲ್ಲ, ಹುಡುಕಿ ದಣಿಯಬೇಡಿ.) ಒಂದು ಸಂಜೆಯ ಕೆಲಸವಿದು.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ಪದ ಗೊತ್ತಿರುತ್ತದೆ, ಅರ್ಥ ಗೊತ್ತಿರುವುದಿಲ್ಲ. ಅರ್ಥ ಗೊತ್ತಿಲ್ಲದ್ದರಿಂದ ಅದರ ಬಾಲಕ್ಕೆ ಏನನ್ನು ಕಟ್ಟಬಹುದೆಂಬುದೂ ತಿಳಿಯುವುದಿಲ್ಲ. ಎಕ್ಸ್-ಯು ಎಂಬುದು ವಿಯೆಟ್ನಾಮಿನ ನಾಣ್ಯ, ಒಂದು ಡಾಂಗ್‌ನ ನೂರನೆಯ ಭಾಗ. ಅದರ ಬಹುವಚನವೂ ಎಕ್ಸ್-ಯು. ಅದಕ್ಕೆ ಎಸ್ ಅಂಟಿಸಿ, ಎದುರಾಳಿಯಿಂದ ಪ್ರಶ್ನಿಸಿಕೊಂಡು, ಸರದಿಯನ್ನೇ ಕಳೆದುಕೊಂಡವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಎಕ್ಸ್-ಐ ಗ್ರೀಕ್ ವರ್ಣಮಾಲೆಯ ಹದಿನಾಲ್ಕನೆಯ ಅಕ್ಷರ, ಅದಕ್ಕೆ ಎಸ್ ಸಲ್ಲುತ್ತದೆ. ಇ-ಎಕ್ಸ್ ಎಂದರೆ ಬೇರೆಯಾದ ಸಂಗಾತಿ ಎಂದಷ್ಟೇ ತಿಳಿದವರಿಗೆ, ಅದಕ್ಕೆ ಬರೆದದ್ದನ್ನು ಹೊಡೆದುಹಾಕು ಎಂಬ ಕ್ರಿಯಾಪದದ ಅರ್ಥವೂ ಇದೆಯೆಂಬುದು ತಿಳಿಯದೆ, ಇ-ಡಿ ಸೇರಿಸುವ ಅವಕಾಶ ಕೈತಪ್ಪುತ್ತದೆ. ಎ-ಎಕ್ಸ್ ಕೊಡಲಿ, ಓ-ಎಕ್ಸ್ ಎತ್ತು. ಝಡ್-ಎ ಅಮೆರಿಕದ ಆಡುಮಾತಿನಲ್ಲಿ ಪಿಟ್ಜಾ, ಝಡ್-ಓ ಟಿಬೆಟ್ಟಿನ ಕಡೆಯ ಯಾಕ್ ಮತ್ತು ಹಸುವಿನ ಮಿಶ್ರತಳಿ, ಝಡ್-ಇ ಗಂಡು ಹೆಣ್ಣೆಂಬ ಭೇದವಿಲ್ಲದ ಸರ್ವನಾಮ. ಜೆ-ಓ ಸ್ಕಾಟ್ಲೆಂಡಿನ ಮಾತಿನಲ್ಲಿ ನಲ್ಲ ಅಥವಾ ನಲ್ಲೆ, ಜೆ-ಎ ದಕ್ಷಿಣ ಆಫ್ರಿಕಾದವರ ಹೌದು. ಕ್ಯೂ-ಐ ಚೀನೀಯರ ಚಿಂತನೆಯಲ್ಲಿ ದೇಹದೊಳಗೆ ಹರಿಯುವ ಪ್ರಾಣಶಕ್ತಿ. ಉಚ್ಚಾರ ಚೀ, ಎಸ್ ಸಲ್ಲುತ್ತದೆ. ಮೊಬೈಲ್ ಆಪ್‌ಗಳಲ್ಲಿ ಹಲವು ಪದ ಸರಿಯೋ ತಪ್ಪೋ ಎಂದು ಹೇಳಿ ಸುಮ್ಮನಾಗುತ್ತವೆ. ಅರ್ಥ ಕೊಡದ ಆಪ್ ಬೇಡವೇ ಬೇಡ. ರಟ್ಟಿನ ಚೀಟಿಯ ಮುಂದೆ ಪದ, ಹಿಂದೆ ಅರ್ಥ, ಕೆಳಗೆ ಬಹುವಚನ ಎಂದು ಕೈಯಾರೆ ಬರೆದುಕೊಂಡರೆ ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ.

ನಂತರ ಯು ಬೇಡದ ಕ್ಯೂ ಪದಗಳನ್ನು ಕೊಂಚ ಉದ್ದಕ್ಕೆ ಹಿಗ್ಗಿಸಿ. ಇಲ್ಲಿ ಕನ್ನಡಿಗರಿಗೆ ಇಂಗ್ಲಿಷರಿಗಿಂತ ಸಲೀಸು, ಏಕೆಂದರೆ ಅರಬ್ಬಿ ಮೂಲದ ಹಲವು ಪದಗಳು ನಮಗೆ ಮೊದಲೇ ಪರಿಚಿತ. ಫಕೀರ, ಬುರ್ಖಾ, ತಲಾಖ್ ಮೂರನ್ನೂ ನಾವು ಖ ಅಥವಾ ಕ ಇರುವಲ್ಲಿ ಕ್ಯೂ ಇಟ್ಟು ಬರೆಯಬಹುದು. ಖಾಜಿಗೆ ಮಾತ್ರ ಎಚ್ಚರ: ಕ್ಯೂ-ಎ-ಡಿ-ಐ, ಅಂದರೆ ಜ ಇರುವಲ್ಲಿ ಡಿ. ಕ್ಯೂ-ಎ-ಟಿ ಯೆಮೆನ್ನಿನವರು ಅಗಿಯುವ ಉತ್ತೇಜಕ ಎಲೆ, ಎಸ್-ಯು-ಕ್ಯೂ ಅರಬ್ಬರ ಸಂತೆ (ಇದರಲ್ಲಿ ಯು ಇದೆ, ಆದರೆ ಕ್ಯೂಗಿಂತ ಮೊದಲು). ಕ್ಯೂ-ಎ-ಎನ್-ಎ-ಟಿ ಇರಾನಿನ ನೆಲದಡಿಯ ನೀರಿನ ಕಾಲುವೆ. ಬೀದರಿನಲ್ಲಿ ಬಹಮನಿಗಳ ಕಾಲದಲ್ಲಿ ತೋಡಿದ ಕರೇಜ್ ಇದೇ ಪದ್ಧತಿಯದು ಎಂದು ನೆನೆದರೆ ಪದ ಮರೆಯುವುದಿಲ್ಲ.

ಉಳಿದದ್ದು ಬೋರ್ಡಿನ ಮೇಲೆ ಇಡುವ ಜಾಣ್ಮೆ. ಅಕ್ಷರದ ಅಂಕವನ್ನು ಮೂರು ಪಟ್ಟು ಮಾಡುವ ಕಡುನೀಲಿ ಮನೆಯ ಕೆಳಗೆ ಐ ಅಕ್ಷರವೊಂದು ಬಿದ್ದಿದ್ದರೆ, ಆ ಮನೆಯಲ್ಲಿ ಕ್ಯೂ ಇಟ್ಟು ಅದರ ಬಲಕ್ಕೆ ಇನ್ನೊಂದು ಐ ಇಡಿ. ಅಡ್ಡಕ್ಕೂ ಉದ್ದಕ್ಕೂ ಕ್ಯೂ-ಐ ಆಗಿ, ಕ್ಯೂನ 30 ಎರಡು ಸಲ ಎಣಿಕೆಯಾಗಿ ಒಟ್ಟು 62 ಅಂಕ ಬರುತ್ತದೆ. ಹೊಸ ಐ ಯಾವುದರ ತಲೆಯ ಮೇಲೆ ಕೂರುತ್ತದೆ ಎಂಬುದನ್ನು ನೋಡದೆ ಕೆಡಿಸಿಕೊಳ್ಳುವವರೇ ಹೆಚ್ಚು. ಕೆಳಗಿನ ಪದ ಟ್ಯಾಕ್ಸಿ ಅಥವಾ ಸೀರೆ ಎಂಬರ್ಥದ ಸಾರಿಯಂತೆ ಐನಲ್ಲೇ ಮುಗಿದಿದ್ದರೆ ಪಕ್ಕದ ಮನೆ ಖಾಲಿ, ತೊಂದರೆಯಿಲ್ಲ. ಮಳೆ ಎಂಬರ್ಥದ ರೇನ್ ಇದ್ದರೆ ಹೊಸ ಐ ಎನ್ ಮೇಲೆ ಕೂತು ಇನ್ ಆಗಿ 2 ಅಂಕ ಹೆಚ್ಚೇ ಸಿಗುತ್ತದೆ. ಹಳಿಯ ರೈಲ್ ಇದ್ದರೆ ಐ-ಎಲ್ ಆಗುತ್ತದೆ, ಅಂಥ ಪದವಿಲ್ಲ, ಇಟ್ಟದ್ದನ್ನೆಲ್ಲ ವಾಪಸು ತೆಗೆಯಬೇಕಾಗುತ್ತದೆ.

ಎರಡು ಸರದಿ ಕಳೆದರೂ ಐ ಬಾರದಿದ್ದರೆ, ಚೀಲದಲ್ಲಿ ಕನಿಷ್ಠ ಏಳು ಬಿಲ್ಲೆಗಳಿರುವಾಗಲೇ ಕ್ಯೂ ಅನ್ನು ಚೀಲಕ್ಕೆ ಹಾಕಿ ಬೇರೆಯದನ್ನು ತೆಗೆದುಕೊಳ್ಳಿ. ಅದಕ್ಕಿಂತ ಕಡಿಮೆಯಾದರೆ ಬದಲಾಯಿಸಿಕೊಳ್ಳಲು ನಿಯಮ ಬಿಡುವುದಿಲ್ಲ.