ಸೋರುವ ಏರಿ, ಗೂಡಿರುವ ಕೆರೆ

ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಗಳು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ 2024ರಲ್ಲಿ ಬಂದಾಗ ಎಲ್ಲೆಡೆ ಹಕ್ಕಿಗಳ ಚಿತ್ರಗಳೇ. ನೀರನ್ನು ತಡೆದು ನಿಲ್ಲಿಸುವ ಏರಿಯ ಚಿತ್ರ ನನ್ನ ಕಣ್ಣಿಗಂತೂ ಬೀಳಲಿಲ್ಲ. ಎರಡೂ ನೀರಾವರಿಗೆಂದು ಮನುಷ್ಯರು ಕಟ್ಟಿದ ಕೆರೆಗಳು. ಏರಿಯೇ ಒಡೆದು ಹೋದರೆ ಪಟ್ಟೆತಲೆ ಬಾತು ಬಂದಿಳಿಯಲು ನೀರೇ ಇರುವುದಿಲ್ಲ. ಎಂಜಿನಿಯರನಾಗಿ ನಾನು ದುರಸ್ತಿ ಮಾಡಿಸಿದ್ದು ಹಾವೇರಿ ಸೀಮೆಯ ಒಂದು ಹಳೆಯ ಕೆರೆಯನ್ನು. ಅದು ಯಾವ ಪಟ್ಟಿಯಲ್ಲೂ ಇಲ್ಲ.

ಏರಿಯ ಹಿಂಬದಿಯ ಬುಡದಲ್ಲಿ, ಗದ್ದೆಗೆ ನೀರು ಬಿಡುವ ತೂಬಿನ ಪಕ್ಕಕ್ಕೆ, ನೀರು ಜಿನುಗುತ್ತಿತ್ತು. ಮಣ್ಣಿನ ಏರಿ ಒಂದಿಷ್ಟು ಜಿನುಗುವುದು ಸಹಜ. ತಿಳಿನೀರು ಬರುತ್ತಿದ್ದರೆ ಪ್ರಮಾಣ ಬರೆದಿಡುತ್ತಾ ಕಾಯಬಹುದು, ಕದಡಿದ ನೀರು ಬಂದರೆ ಕಾಯುವಂತಿಲ್ಲ. ಗಾಜಿನ ಲೋಟದಲ್ಲಿ ಹಿಡಿದಿಟ್ಟೆ. ತಳದಲ್ಲಿ ಮಣ್ಣು ಕುಳಿತಿತ್ತು. ಏರಿಯ ಒಡಲು ಕರಗುತ್ತಿದೆ ಎಂದಾಯಿತು.

ಕೆರೆ ಪೂರ್ತಿ ಖಾಲಿ ಮಾಡಿ, ಸೋರುವಲ್ಲಿ ಸಿಮೆಂಟು ಬಳಿಯಿರಿ ಎಂದರು ಊರವರು. ಎರಡಕ್ಕೂ ನಾನು ಒಪ್ಪಲಿಲ್ಲ. ಹೊರಗಿನಿಂದ ಬಾಯಿ ಮುಚ್ಚಿದರೆ ನೀರು ಒಳಗೇ ಒತ್ತಡ ಕಟ್ಟಿ ಬೇರೆ ದಾರಿ ಹುಡುಕುತ್ತದೆ. ಇನ್ನು ಕೆರೆಯಂಗಳದ ಕರಿಜಾಲಿಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಸುತ್ತ ನೀರಿರುವವರೆಗೆ ನಾಯಿ, ನರಿ, ಕಾಡುಬೆಕ್ಕು ಮರದ ಬುಡ ತಲುಪುವುದು ಕಷ್ಟ. ಹಕ್ಕಿಗಳ ಮಾತು ಬಿಟ್ಟರೂ, ನೀರನ್ನು ಒಮ್ಮೆಲೇ ಇಳಿಸಿದರೆ ಏರಿಯ ನೆನೆದ ಒಳಮೈ ಆಸರೆ ತಪ್ಪಿ ಜಾರುತ್ತದೆ. ಹಾಗಾಗಿ ತೂಬನ್ನು ತುಸುವೇ ಎತ್ತಿಸಿ, ನಿಧಾನವಾಗಿ ಮಟ್ಟ ಇಳಿಸಿ, ಜಿನುಗು ತಗ್ಗಿದ ಕೂಡಲೇ ನಿಲ್ಲಿಸಿದೆವು. ಮರಗಳ ಸುತ್ತ ನೀರು ಉಳಿಯಿತು.

ಸೋರುವ ಜಾಗದ ಕಳೆ ತೆಗೆದು, ಮಣ್ಣಿಗೆ ತಾಗಿ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದೊಡ್ಡ ಜಲ್ಲಿ, ಕೊನೆಗೆ ಕಲ್ಲು ಹಾಸಿಸಿದೆ. ನೀರು ಹೊರಬರಬೇಕು, ಮಣ್ಣು ಒಳಗೇ ಉಳಿಯಬೇಕು. "ಜಲ್ಲಿ ಇರುವಾಗ ಮರಳೇಕೆ ಸಾಹೇಬರೇ?" ಎಂದು ಗುತ್ತಿಗೆದಾರರು ಕೇಳಿದರು. ಮರಳು ದುಬಾರಿ, ಅವರ ಸಂಕಟ ನನಗೂ ಗೊತ್ತು. ಆದರೆ ಜಲ್ಲಿಯ ಸಂದಿಯಲ್ಲಿ ನಮ್ಮ ನುಣ್ಣನೆಯ ಮಣ್ಣು ಸಲೀಸಾಗಿ ನುಸುಳಿ ಹೋಗುತ್ತದೆ. ಹಾಸುವ ಕೆಲಸ ಮುಗಿದ ಮೇಲೆ ಲೋಟದಲ್ಲಿ ಹಿಡಿದ ನೀರು ಕ್ರಮೇಣ ತಿಳಿಯಾಯಿತು.

ಏರಿಯ ಮೇಲಿನ ಬಳ್ಳಾರಿ ಜಾಲಿಯನ್ನು ಮಾತ್ರ, ಗೂಡುಗಳು ಬರಿದಾದ ಮೇಲೆ, ಬೇರುಸಹಿತ ಕೀಳಿಸಿದೆ. ಬರೀ ಕಡಿದು ಬಿಟ್ಟರೆ ಬೇರು ಕೊಳೆತು ಏರಿಯೊಳಗೆ ಕೊಳವೆಯಾಗುತ್ತದೆ. ಹೆಗ್ಗಣದ ಬಿಲಗಳನ್ನೂ ಅಗೆದು, ಹದವಾಗಿ ನೆನೆಸಿದ ಮಣ್ಣನ್ನು ತೆಳ್ಳಗೆ ಪದರ ಪದರವಾಗಿ ಹಾಕಿ ಧಮ್ಮಸ್ ಮಾಡಿಸಿದೆವು, ಅಂದರೆ ಬಡಿದು ಗಟ್ಟಿ ಮಾಡಿಸಿದೆವು. ಮರ ಕಡಿಯುತ್ತಾರೆಂದು ಸಿಟ್ಟಾಗಿ ಬಂದ ಹಕ್ಕಿಪ್ರಿಯರಿಗೆ ಕೊಳೆತ ಬೇರಿನ ತೂತಿನಲ್ಲಿ ಕೋಲು ಇಳಿಸಿ ತೋರಿಸಬೇಕಾಯಿತು.

ಹೂಳಿಗೆ ರೈತರು ಮುಗಿಬಿದ್ದರು. ಏರಿಯ ಹತ್ತಿರದ ಹೂಳನ್ನು ಮುಟ್ಟಲು ಬಿಡಲಿಲ್ಲ, ನೀರು ಇಂಗದಂತೆ ತಡೆಯುವುದು ಅದೇ. ಕೆರೆಯ ಅಂಚನ್ನೂ ಕಡಿದಾಗಿ ಅಗೆಯಿಸದೆ ಇಳಿಜಾರಾಗಿಯೇ ಉಳಿಸಿದೆವು. ಮೊಣಕಾಲುದ್ದ ನೀರಿಲ್ಲದಿದ್ದರೆ ಚಮಚಕೊಕ್ಕಿನ ಹಕ್ಕಿ ಎಲ್ಲಿ ನಿಂತು ಮೇಯಬೇಕು?

ಬಗೆಹರಿಯದೆ ಉಳಿದದ್ದು ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದು ಹೋಗುವ ಜಾಗ. ಇನ್ನಷ್ಟು ನೀರು ನಿಲ್ಲಲೆಂದು ಅದರ ಮೇಲೆ ಮರಳಿನ ಚೀಲ ಪೇರಿಸುವುದು ಊರಿನ ಹಳೆಯ ಚಾಳಿ. ಜೋರು ಮಳೆಗೆ ನೀರು ಏರಿಯ ನೆತ್ತಿ ಹತ್ತಿ ಹರಿದರೆ ಮೇಲೆ ಹೇಳಿದ ಕೆಲಸವೆಲ್ಲ ಒಂದೇ ರಾತ್ರಿಗೆ ಕೊಚ್ಚಿ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ, ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಚೀಲಗಳನ್ನು ತೆಗೆಸುತ್ತಾರೆ. ಆಮೇಲೆ ಯಾರೋ ಮತ್ತೆ ಇಡುತ್ತಾರೆ.